ಹಳೆಯ ಹವ್ಯಾಸ ಪತ್ರಿಕೆ ಕೊಂಡು ಆನ್‌ಲೈನ್‌ನಲ್ಲಿ ಮಾರುವುದು: ಪರಿವಿಡಿಯಿಂದ ಶುರು ಮಾಡಿ

ಕಾಲೇಜಿನಲ್ಲಿದ್ದಾಗ ನೋಡಿಕೊಂಡು ಕಟ್ಟಿದ್ದ ಆಂಪ್ಲಿಫೈಯರ್ ಸರ್ಕ್ಯೂಟ್. ಅಪ್ಪ ಬರೆದು ಅಚ್ಚಾಗಿದ್ದ ಓದುಗರ ಪತ್ರ. ಗೋಡೆಗೆ ಅಂಟಿಸಿದ್ದ ಕ್ರಿಕೆಟ್ ಪೋಸ್ಟರ್. ಹಳೆಯ ಪತ್ರಿಕೆ ಹುಡುಕಿಕೊಂಡು ಬರುವವರ ಮನಸ್ಸಿನಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಯಾವ ತಿಂಗಳ ಸಂಚಿಕೆ ಅಂತ ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಮುಖಪುಟವೂ ಮಸುಕು ಮಸುಕು. ಒಳಗೇನಿತ್ತು ಅನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಆರು ವರ್ಷದಿಂದ ಬೆಂಗಳೂರಿನಲ್ಲಿ ಹಳೆಯ ಸಂಚಿಕೆ ಕೊಂಡು ಮಾರುತ್ತಿದ್ದೇನೆ. ಇದು ನನ್ನ ಹೊಟ್ಟೆಪಾಡಿನ ಕೆಲಸವಲ್ಲ, ಭಾನುವಾರದ ಕೆಲಸ. ಮೊದಲ ವರ್ಷ ಮುಖಪುಟದ ಫೋಟೊ ಮತ್ತು ಬೆಲೆ ಹಾಕಿ ಕಾಯುತ್ತಿದ್ದೆ. ತಿಂಗಳಿಗೆ ಒಂದೋ ಎರಡೋ ಹೋಗುತ್ತಿದ್ದವು. ಒಮ್ಮೆ ಒಂದು ಸಂಚಿಕೆಯ ಪರಿವಿಡಿಯನ್ನು ಪೂರ್ತಿ ಟೈಪ್ ಮಾಡಿ ಹಾಕಿದೆ. ಎರಡೇ ದಿನಕ್ಕೆ ಧಾರವಾಡದಿಂದ ಒಬ್ಬರು ಬರೆದರು: "ಈ ಲೇಖನಕ್ಕಾಗಿ ಎಷ್ಟು ವರ್ಷದಿಂದ ಹುಡುಕುತ್ತಿದ್ದೆ ಗೊತ್ತಾ ಸಾರ್!" ಅಲ್ಲಿಂದ ನನ್ನ ದಾರಿ ಬದಲಾಯಿತು. ಈ ಕೆಲಸ ಶುರು ಮಾಡಬೇಕು ಅನ್ನುವವರಿಗೆ ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಒಂದು ಹವ್ಯಾಸ ಆರಿಸಿಕೊಳ್ಳಿ

ಎಲ್ಲ ಪತ್ರಿಕೆಗೂ ಕೈ ಹಾಕಬೇಡಿ. ನಿಮಗೆ ಮೊದಲೇ ಪರಿಚಯ ಇರುವ ಒಂದೇ ಹವ್ಯಾಸ ಹಿಡಿಯಿರಿ. ಎಲೆಕ್ಟ್ರಾನಿಕ್ಸ್, ಫೋಟೊಗ್ರಫಿ, ಹ್ಯಾಮ್ ರೇಡಿಯೊ, ಮಾಡೆಲ್ ವಿಮಾನ, ಚೆಸ್, ಹೆಣಿಗೆ, ತೋಟಗಾರಿಕೆ, ಕಾರು-ಬೈಕು, ಯಾವುದಾದರೂ ಸರಿ. ವಿಷಯ ಗೊತ್ತಿದ್ದರೆ ಕಂತೆ ನೋಡಿದ ತಕ್ಷಣ ಯಾವುದು ಅಪರೂಪ, ಯಾವುದು ಬೇಕಾದಷ್ಟಿದೆ ಅಂತ ಹೊಳೆಯುತ್ತದೆ.

ನಾನು ಎಲೆಕ್ಟ್ರಾನಿಕ್ಸ್ ಹಿಡಿದೆ. ಈ ಊರಿಗೆ ಅದು ಹೊಂದುತ್ತದೆ. ವಿಮಾನ ತಯಾರಿಸುವ ಎಚ್‌ಎಎಲ್ 1940ರಲ್ಲಿ, ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ 1954ರಲ್ಲಿ ಇಲ್ಲಿ ಶುರುವಾದವು. ಆಮೇಲೆ ವಿಮಾನ ಸಂಶೋಧನೆಯ ಎನ್‌ಎಎಲ್ ಬಂತು, ಇಸ್ರೊ ಬಂತು. ಅಲ್ಲೆಲ್ಲ ಕೆಲಸ ಮಾಡಿದವರು ಮನೆಯಲ್ಲೂ ಬೆಸುಗೆ ಕಡ್ಡಿ ಹಿಡಿದವರು. ಅವರ ಅಟ್ಟದ ಮೇಲೆ 1969ರಿಂದ ಬರುತ್ತಿರುವ ಎಲೆಕ್ಟ್ರಾನಿಕ್ಸ್ ಫಾರ್ ಯು ಇರುತ್ತದೆ. ಜೊತೆಗೆ ಸೈನ್ಸ್ ಟುಡೇ, ಸೈನ್ಸ್ ರಿಪೋರ್ಟರ್. ಅದೃಷ್ಟ ಇದ್ದರೆ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಕೂಡ ಸಿಗಬಹುದು. ಜಾಲಹಳ್ಳಿ, ದೂರವಾಣಿನಗರ, ಇಂದಿರಾನಗರ, ಮಲ್ಲೇಶ್ವರದ ಹಳೇ ಮನೆಗಳಿಂದ ಹೊರಬರುವ ಕಂತೆಗಳ ರುಚಿಯೇ ಬೇರೆ.

ಕನ್ನಡದ ಪತ್ರಿಕೆ ಮಾರಬೇಕೆಂದರೆ ಚಂದಮಾಮಕ್ಕೆ ಕೇಳುವವರು ಯಾವಾಗಲೂ ಇದ್ದಾರೆ. ಕಸ್ತೂರಿ, ಸುಧಾ, ಮಯೂರದ ಹಳೆಯ ವಿಶೇಷಾಂಕಗಳಿಗೂ ಗಿರಾಕಿ ಇದ್ದಾರೆ. ಟೆರೇಸ್ ಮೇಲೆ ಗಿಡ ಬೆಳೆಸುವವರು, ಊರಲ್ಲಿ ತೋಟ ಇರುವವರು 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆಯ ಹಳೆಯ ಸಂಚಿಕೆ ಕೇಳುತ್ತಾರೆ. ಅದರಲ್ಲಿ ರೈತರೇ ತಮ್ಮ ಅನುಭವ ಬರೆದಿರುತ್ತಾರೆ. ಅಂಥ ಬರಹ ಹಳೆಯದಾಗುವುದಿಲ್ಲ.

ಒಂದು ಎಚ್ಚರಿಕೆ. ಹಳದಿ ಅಂಚಿನ ನ್ಯಾಷನಲ್ ಜಿಯೊಗ್ರಾಫಿಕ್ ನೋಡಿ ಆಸೆ ಪಡಬೇಡಿ. ಅದನ್ನು ಯಾರೂ ಎಸೆಯುವುದಿಲ್ಲ, ಎಲ್ಲರೂ ಕೂಡಿಟ್ಟಿದ್ದಾರೆ. ಹಾಗಾಗಿ ಬೆಲೆ ಏಳುವುದಿಲ್ಲ, ತೂಕ ಮಾತ್ರ ಜಾಸ್ತಿ. ಒಳಗಿನ ಮಡಚಿದ ಭೂಪಟ ಹಾಗೇ ಇದ್ದರೆ ಒಂದಿಷ್ಟು ಗಿರಾಕಿ ಇದೆ.

ಕಂತೆ ಎಲ್ಲಿ ಸಿಗುತ್ತದೆ

ನಿಮ್ಮ ಬಡಾವಣೆಯ ಹಳೇ ಪೇಪರ್ ಅಂಗಡಿಯೇ ಮೊದಲ ಜಾಗ. ಅಂಗಡಿಯವರ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ. "ಇಂಥ ಪುಸ್ತಕ ಬಂದರೆ ಹರಿಯದೆ ಪಕ್ಕಕ್ಕಿಡಿ ಅಣ್ಣಾ, ತೂಕದ ರೇಟಿಗಿಂತ ಜಾಸ್ತಿ ಕೊಡ್ತೀನಿ" ಅಂತ ಹೇಳಿ, ಒಂದು ಸ್ಯಾಂಪಲ್ ಸಂಚಿಕೆಯನ್ನೂ ತೋರಿಸಿ. ಬಾಯಲ್ಲಿ ಹೇಳಿದ ಹೆಸರು ಮರೆತುಹೋಗುತ್ತದೆ, ಕಣ್ಣಲ್ಲಿ ನೋಡಿದ್ದು ಉಳಿಯುತ್ತದೆ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಅವರು ಎತ್ತಿಟ್ಟದ್ದು ನಿಮಗೆ ಬೇಡವಾದರೂ ಚಹಾಕ್ಕೆ ಅಂತ ಏನಾದರೂ ಕೊಡಿ. ಯುಗಾದಿಗೆ ಮುಂಚೆ, ಆಯುಧಪೂಜೆಗೆ ಮುಂಚೆ ಮನೆ ಗುಡಿಸುವ ದಿನಗಳಲ್ಲಿ ಮತ್ತು ಜನ ಮನೆ ಬದಲಾಯಿಸುವ ಮೇ-ಜೂನ್‌ನಲ್ಲಿ ವಾರಕ್ಕೊಮ್ಮೆ ಹೋಗಿ ಬನ್ನಿ.

ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕವೇ ಜಾಸ್ತಿ, ಪತ್ರಿಕೆ ಕಡಿಮೆ. ಆದರೂ ಕೆಳಗಿನ ಸಾಲಿನ ಕಟ್ಟುಗಳನ್ನು ನೋಡದೆ ಬರಬೇಡಿ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಹತ್ತಿರ 1945ರಿಂದ ಇರುವ ಸೆಲೆಕ್ಟ್ ಬುಕ್ ಶಾಪ್‌ನಂಥ ಅಂಗಡಿಗಳಿಗೆ ಹೋಗುವುದು ಕಣ್ಣು ಪಳಗಲಿ ಅಂತ. ಅವರಿಗೆ ಬೆಲೆ ಗೊತ್ತು, ಅಲ್ಲಿ ಕೊಂಡು ಮರುಮಾರಾಟ ಮಾಡಿದರೆ ಕೈಗೆ ಏನೂ ಉಳಿಯುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪು. "ಹಳೆಯ ಮ್ಯಾಗಜಿನ್, ಎಲ್ಲ ಒಟ್ಟಿಗೆ" ಅಂತ ಯಾರೋ ಹಾಕಿರುತ್ತಾರೆ. ಹೆಸರೂ ಬರೆದಿರುವುದಿಲ್ಲ. ಅಂಥ ಕಡೆಯೇ ಒಳ್ಳೆಯ ಮಾಲು ಇರುತ್ತದೆ. ಬೆನ್ನು ಕಾಣುವ ಹಾಗೆ ಸಾಲಾಗಿ ನಿಲ್ಲಿಸಿ ಒಂದು ಫೋಟೊ ಕಳಿಸಿ ಅಂತ ಕೇಳಿ. ಆದಷ್ಟೂ ಖುದ್ದು ಹೋಗಿ ನೋಡಿಯೇ ಕೊಳ್ಳಿ.

ಮನೆಯವರ ಹತ್ತಿರ ಕೊಳ್ಳುವಾಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ತೀರಿಕೊಂಡವರ ಸಂಗ್ರಹವಾದರೆ ಮೊದಲು ಕೂತು ಮಾತಾಡುತ್ತೇನೆ. ಇದರಲ್ಲಿ ಬೆಲೆ ಬರುವ ಸಂಚಿಕೆ ಯಾವುದು ಅಂತ ನಾನೇ ತೋರಿಸಿ, ಅದಕ್ಕೆ ಬೇರೆ ರೇಟು ಹೇಳುತ್ತೇನೆ. ಜಯನಗರದ ಒಂದು ಮನೆಯಲ್ಲಿ ಹಾಗೆ ಮಾಡಿದ್ದಕ್ಕೆ ಆ ಅಮ್ಮ ತಮ್ಮ ಅಕ್ಕನ ಮನೆಯ ಅಟ್ಟವನ್ನೂ ತೆರೆಸಿದರು. ಪುಟಗಳ ನಡುವೆ ಸಿಗುವ ಕಾಗದ, ಫೋಟೊ, ಬ್ಯಾಂಕ್ ಚೀಟಿ ಏನಿದ್ದರೂ ವಾಪಸ್ ಮುಟ್ಟಿಸಿ. ಅದು ನೀವು ಕೊಂಡ ಸರಕಲ್ಲ.

ದುಡ್ಡು ಕೊಡುವ ಮುಂಚೆ ಪುಟ ಎಣಿಸಿ

ಹವ್ಯಾಸ ಪತ್ರಿಕೆ ಅಂದರೆ ಕತ್ತರಿ ಆಡಿದ ಪತ್ರಿಕೆ. ಓದಿದವರು ಅದನ್ನು ಬಳಸಿದ್ದಾರೆ. ಸರ್ಕ್ಯೂಟ್ ಕತ್ತರಿಸಿದ್ದಾರೆ, ಕೂಪನ್ ಹರಿದಿದ್ದಾರೆ, ಪದಬಂಧ ತುಂಬಿದ್ದಾರೆ. ಆದ್ದರಿಂದ ನಡುಪುಟದಿಂದ ಶುರು ಮಾಡಿ. ಪಿನ್ ಹೊಡೆದ ಪತ್ರಿಕೆಯಲ್ಲಿ ಮುಂದಿನ ಒಂದು ಹಾಳೆ ಹೋದರೆ ಹಿಂದಿನ ಅದರ ಜೋಡಿ ಹಾಳೆ ಸಡಿಲವಾಗಿರುತ್ತದೆ ಇಲ್ಲವೇ ಅದೂ ಬಿದ್ದಿರುತ್ತದೆ. ಪುಟಸಂಖ್ಯೆ ಸಾಲಾಗಿ ನೋಡುತ್ತಾ ಹೋಗಿ, ಒಂದು ಸಂಚಿಕೆಗೆ ಒಂದು ನಿಮಿಷ ಸಾಕು.

ಜೊತೆಗೆ ಬರುತ್ತಿದ್ದ ವಸ್ತು ಇದೆಯಾ ನೋಡಿ. 2001ರಲ್ಲಿ ಶುರುವಾದ ಡಿಜಿಟ್‌ನಂಥ ಕಂಪ್ಯೂಟರ್ ಪತ್ರಿಕೆಗೆ ಸಿಡಿ ಇರಬೇಕು. 1978ರಿಂದ ಬರುತ್ತಿರುವ ಸ್ಪೋರ್ಟ್‌ಸ್ಟಾರ್‌ನ ಹಳೆಯ ಸಂಚಿಕೆಯಲ್ಲಿ ನಡುವಿನ ಪೋಸ್ಟರ್ ಇರಬೇಕು. ಮಾಡೆಲ್ ವಿಮಾನದ ಪತ್ರಿಕೆಯಲ್ಲಿ ಮಡಚಿದ ನಕ್ಷೆ, ಹೊಲಿಗೆ-ಹೆಣಿಗೆಯದರಲ್ಲಿ ಮಾದರಿಯ ಹಾಳೆ. ಅದು ಇಲ್ಲದಿದ್ದರೆ ಅರ್ಧಕ್ಕಿಂತ ಕಡಿಮೆ ಬೆಲೆಗೂ ಹೋಗುವುದು ಕಷ್ಟ.

ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಂದದ್ದಾದರೆ ರಬ್ಬರ್ ಸ್ಟಾಂಪು, ಪಕ್ಕಕ್ಕೆ ಹೊಡೆದ ದಪ್ಪ ಪಿನ್ನು ಇರುತ್ತದೆ. ಬೈಂಡ್ ಮಾಡಿಸಿದ ಸಂಪುಟವಾದರೆ ಅಂಚು ಕತ್ತರಿಸಿ ಅಕ್ಷರ ಹಾರಿಹೋಗಿದೆಯಾ, ಮುಖಪುಟ ಒಳಗಿದೆಯಾ ನೋಡಿ. ಮುಖಪುಟ ತೆಗೆದು ಬೈಂಡ್ ಮಾಡುವ ಅಭ್ಯಾಸ ಬಹಳ ಇತ್ತು.

ಮೂಗನ್ನೂ ಉಪಯೋಗಿಸಿ. ಬೂಷ್ಟಿನ ವಾಸನೆ ಗಟ್ಟಿಯಾಗಿ ಬಂದರೆ ಕೈಮುಗಿದು ವಾಪಸ್ ಬನ್ನಿ. ಒಂದು ಕಂತೆಯ ಬೂಷ್ಟು ಇಡೀ ಕಪಾಟಿಗೆ ಹಬ್ಬುತ್ತದೆ. ನುಣುಪು ಕಾಗದದ ಪತ್ರಿಕೆ ಒಮ್ಮೆ ನೆನೆದು ಒಣಗಿದ್ದರೆ ಹಾಳೆಗಳು ಅಂಟಿಕೊಂಡಿರುತ್ತವೆ. ಬಿಡಿಸಲು ಹೋದರೆ ಅಕ್ಷರ ಸಮೇತ ಕಿತ್ತು ಬರುತ್ತದೆ. ಅದಕ್ಕೆ ಮದ್ದಿಲ್ಲ.

ಪೆನ್ಸಿಲ್ ಗುರುತು ಇದ್ದರೆ ಬೇಸರ ಬೇಡ. ಎಲೆಕ್ಟ್ರಾನಿಕ್ಸ್ ಪತ್ರಿಕೆಗಳಲ್ಲಿ ಒಂದು ತಿಂಗಳ ಸರ್ಕ್ಯೂಟ್‌ನ ತಪ್ಪಿಗೆ ಮುಂದಿನ ತಿಂಗಳಲ್ಲಿ ತಿದ್ದುಪಡಿ ಬರುತ್ತಿತ್ತು. ಶಿಸ್ತಿನ ಓದುಗರು ಅದನ್ನು ಹಿಂದಿನ ಸಂಚಿಕೆಯಲ್ಲಿ ಗುರುತು ಮಾಡಿ ಇಟ್ಟಿರುತ್ತಾರೆ. "ಈ ರೆಸಿಸ್ಟರ್ 4.7 ಅಲ್ಲ, 47" ಅಂತ ಅಂಚಿನಲ್ಲಿ ಬರೆದಿದ್ದ ಒಂದು ಪ್ರತಿಯನ್ನು ಗಿರಾಕಿಯೊಬ್ಬರು ಅದೇ ಕಾರಣಕ್ಕೆ ಕೇಳಿ ತೆಗೆದುಕೊಂಡರು.

ಮನೆಗೆ ತಂದ ಮೇಲೆ

ಹೊಸ ಕಂತೆಯನ್ನು ಹಳೆಯದರ ಜೊತೆ ಸೇರಿಸಬೇಡಿ. ಎರಡು ವಾರ ಬೇರೆ ಇಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಬಿಡಿಸಿಡಿ. ಬಿಸಿಲಿಗೆ ಹಾಕಿದರೆ ಮುಖಪುಟದ ಬಣ್ಣ ಹೋಗುತ್ತದೆ. ಒಣ ಬ್ರಷ್‌ನಿಂದ ಧೂಳು ಹೊಡೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಹುಳದ ಅನುಮಾನ ಇದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಹಾಕುವುದನ್ನು ನಾನು ಬಿಟ್ಟಿದ್ದೇನೆ, ಆ ವಾಸನೆ ಕಾಗದ ಬಿಟ್ಟು ಹೋಗುವುದೇ ಇಲ್ಲ.

ತುಕ್ಕು ಹಿಡಿದ ಪಿನ್ನನ್ನು ಎಳೆದು ಕೀಳಬೇಡಿ. ನಡುಪುಟದಲ್ಲಿ ಕಾಲು ನೆಟ್ಟಗೆ ಮಾಡಿ ಹಿಂದಿನಿಂದ ತೆಗೆಯಿರಿ. ತೆಗೆಯುವ ಧೈರ್ಯ ಇಲ್ಲದಿದ್ದರೆ ಹಾಗೇ ಬಿಟ್ಟು, ವಿವರದಲ್ಲಿ ಬರೆದುಬಿಡಿ. ಹರಿದ ಕಡೆ ಸೆಲ್ಲೊಟೇಪ್ ಅಂತೂ ಬೇಡವೇ ಬೇಡ, ಕೆಲವೇ ವರ್ಷಕ್ಕೆ ಕಂದು ಕಲೆಯಾಗಿ ಕೂರುತ್ತದೆ.

ನ್ಯೂಸ್‌ಪ್ರಿಂಟ್ ಕಾಗದ ತನ್ನಷ್ಟಕ್ಕೆ ಹಳದಿಯಾಗುತ್ತದೆ. ಮರದಲ್ಲಿರುವ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುವುದೇ ಕಾರಣ. ಬೆಳಕು, ಬಿಸಿ, ತೇವ ಮೂರನ್ನೂ ದೂರ ಇಟ್ಟರೆ ನಿಧಾನವಾಗುತ್ತದೆ ಅಷ್ಟೆ. ಪಾಲಿಪ್ರೊಪಿಲೀನ್ ಕವರ್ ಹಾಕಿ. ಪಿವಿಸಿ ಕವರ್ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಡಬ್ಬಿ ನೆಲಕ್ಕೆ ತಾಗದಿರಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಮಳೆಗಾಲದಲ್ಲಿ ಗೋಡೆ ತೇವ ಎಳೆಯುತ್ತದೆ, ಗೆದ್ದಲು ಬರುವುದೂ ಆ ದಾರಿಯಲ್ಲೇ.

ಪರಿವಿಡಿ ಟೈಪ್ ಮಾಡಿ

ಬಹಳ ಜನ ಬಿಟ್ಟುಬಿಡುವ ಕೆಲಸ ಇದು. ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೇ.

ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಪತ್ರಿಕೆ ಹೆಸರು, ತಿಂಗಳು, ವರ್ಷ, ಸಂಪುಟ, ಸಂಚಿಕೆ, ಪುಟ, ಸ್ಥಿತಿ, ಕೊಂಡ ಬೆಲೆ, ಯಾವ ಡಬ್ಬಿಯಲ್ಲಿದೆ. ಅದರ ಮುಂದೆ ದೊಡ್ಡ ಅಂಕಣ ಒಂದು: ಒಳಗೇನಿದೆ. ಲೇಖನಗಳ ತಲೆಬರಹ ಎಲ್ಲವನ್ನೂ ಅದರಲ್ಲಿ ಬರೆಯಿರಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಗೂಗಲ್ ಲೆನ್ಸ್‌ನಿಂದ ಅಕ್ಷರ ಎತ್ತಿಕೊಂಡರೆ ಕೆಲಸ ಹಗುರ, ತಪ್ಪು ತಿದ್ದುವುದು ಮಾತ್ರ ಉಳಿಯುತ್ತದೆ. ಪರಿವಿಡಿಗೆ ಬಾರದ ಸಣ್ಣಪುಟ್ಟವನ್ನೂ ಸೇರಿಸಿ. ಓದುಗರ ಸರ್ಕ್ಯೂಟ್, ಪ್ರಶ್ನೋತ್ತರ, ಯಾವ ಕ್ಯಾಮೆರಾದ ಪರೀಕ್ಷೆ, ಯಾವ ಬೈಕಿನ ಜಾಹೀರಾತು. ಹಳೆಯ ಜಾಹೀರಾತಿಗಾಗಿಯೇ ಪತ್ರಿಕೆ ಕೊಳ್ಳುವವರು ಇದ್ದಾರೆ. ಒಬ್ಬರು ಎಚ್‌ಎಂಟಿ ವಾಚಿನ ಜಾಹೀರಾತು ಇರುವ ಸಂಚಿಕೆಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಉಳಿದದ್ದರ ಕಡೆ ನೋಡುವುದೂ ಇಲ್ಲ.

ಮಾರಾಟಕ್ಕೆ ಹಾಕುವಾಗ ಈ ಅಂಕಣವನ್ನು ಹಾಗೇ ವಿವರಕ್ಕೆ ಅಂಟಿಸಿ. ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ. ಹುಡುಕುವವರು ಯಾವುದರಲ್ಲಿ ಹುಡುಕುತ್ತಾರೋ ಹೇಳಲಾಗದು.

ಕಂತಿನಲ್ಲಿ ಬಂದ ಲೇಖನಗಳ ಮೇಲೆ ಕಣ್ಣಿಡಿ. ಮೂರು ತಿಂಗಳು ಬಂದ ಒಂದು ಪ್ರಾಜೆಕ್ಟ್‌ನ ಮೂರೂ ಸಂಚಿಕೆ ನಿಮ್ಮ ಹತ್ತಿರ ಇದ್ದರೆ ಬಿಡಿಯಾಗಿ ಮಾರಬೇಡಿ. ಎರಡನೇ ಕಂತು ಇಲ್ಲದೆ ಒದ್ದಾಡುವವರಿಗೆ ಆ ಜೊತೆ ಎಷ್ಟು ಮುಖ್ಯ ಅಂತ ಅವರಿಗೇ ಗೊತ್ತು. ಕೆಲವು ಪತ್ರಿಕೆಗಳು ಡಿಸೆಂಬರ್‌ನಲ್ಲಿ ಇಡೀ ವರ್ಷದ ಸೂಚಿ ಹಾಕುತ್ತಿದ್ದವು. ಅದನ್ನು ಮಾರುವ ಮುಂಚೆ ಸೂಚಿಯನ್ನು ನಿಮ್ಮ ಹಾಳೆಗೆ ಇಳಿಸಿಕೊಳ್ಳಿ, ನಿಮ್ಮಲ್ಲಿಲ್ಲದ ಸಂಚಿಕೆಯಲ್ಲಿ ಏನಿದೆ ಅನ್ನುವುದೂ ಗೊತ್ತಾಗುತ್ತದೆ. ದೀಪಾವಳಿ ವಿಶೇಷಾಂಕವನ್ನು ತಿಂಗಳ ಸಂಚಿಕೆಯ ಜೊತೆ ಬೆರೆಸದೆ ಬೇರೆ ಸಾಲಿನಲ್ಲಿ ಬರೆಯಿರಿ.

ಫೋಟೊ ಬೆಳಗಿನ ಹೊತ್ತು ಕಿಟಕಿ ಪಕ್ಕ ತೆಗೆಯಿರಿ, ಫ್ಲ್ಯಾಶ್ ಬೇಡ. ಮುಖಪುಟ, ಹಿಂಪುಟ, ಬೆನ್ನು, ಪಿನ್ನು, ಪರಿವಿಡಿ, ನಡುಪುಟ. ಆಮೇಲೆ ಅತ್ಯಂತ ಕೆಟ್ಟದಾಗಿ ಹರಿದ ಜಾಗ ಯಾವುದೋ ಅದರ ಒಂದು ಹತ್ತಿರದ ಚಿತ್ರ. ಸ್ಥಿತಿಯನ್ನು "ತುಂಬಾ ಚೆನ್ನಾಗಿದೆ" ಅಂತ ಬರೆದು ಬಿಡಬೇಡಿ. "ಮುಖಪುಟದ ಮೇಲೆ ಬಲ ಮೂಲೆ ಮಡಚಿದೆ, 31ನೇ ಪುಟದ ಕೂಪನ್ ಕತ್ತರಿಸಿದೆ, ಹಿಂದೆ ಲೇಖನ ಕೆಟ್ಟಿಲ್ಲ" ಅಂತ ಬರೆಯಿರಿ. ಇಷ್ಟು ಓದಿ ಕೊಂಡವರು ವಾಪಸ್ ಕಳಿಸುವುದಿಲ್ಲ.

ಬೆಲೆ

ಒಂದು ಲೆಕ್ಕ ಹೇಳುತ್ತೇನೆ. 40 ಸಂಚಿಕೆಯ ಕಂತೆ 800 ರೂಪಾಯಿಗೆ ಸಿಕ್ಕಿತು ಅಂದುಕೊಳ್ಳಿ. ಒಂದಕ್ಕೆ 20 ಬಿತ್ತು ಅನಿಸುತ್ತದೆ, ಅಲ್ವಾ? ಆಟೊಗೆ 150, ಕವರ್‌ಗೆ 100 ಸೇರಿಸಿ. 1050 ಆಯಿತು. ಪುಟ ಎಣಿಸಿ ನೋಡಿದರೆ ಮಾರಬಹುದಾದದ್ದು 25. ಒಂದಕ್ಕೆ ಬಿದ್ದದ್ದು 42. ಈ 42ರ ಮೇಲೆ ನಿಮ್ಮ ಬೆಲೆ ಶುರುವಾಗಬೇಕು.

ಮೇಲಿನ ಮಿತಿ ತಿಳಿಯಲು ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಈಬೇ ಇಂಡಿಯಾ 2018ರಲ್ಲಿ ಮುಚ್ಚಿತು. ಆದರೂ ಅಂತರರಾಷ್ಟ್ರೀಯ ಈಬೇಯಲ್ಲಿ ಮಾರಾಟವಾದ ಸರಕನ್ನು ಮಾತ್ರ ತೋರಿಸುವ ಸೌಲಭ್ಯ ಇದೆ, ವಿದೇಶಿ ಪತ್ರಿಕೆಗಳಿಗೆ ಅದು ಸಾಕಷ್ಟು ಸುಳಿವು ಕೊಡುತ್ತದೆ. ಕೆಲವು ಸಂಚಿಕೆಗಳ ಬೆಲೆ ಒಂದೇ ಲೇಖನದ ಮೇಲೆ ನಿಂತಿರುತ್ತದೆ. ಮನೆಯಲ್ಲೇ ಜೋಡಿಸಿಕೊಳ್ಳಬಹುದಾಗಿದ್ದ ಮೊದಮೊದಲ ಕಂಪ್ಯೂಟರ್ ಆಲ್ಟೇರ್ 8800ಅನ್ನು ಮುಖಪುಟದಲ್ಲಿ ಹಾಕಿದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ 1975ರ ಜನವರಿ ಸಂಚಿಕೆ ಅಂಥದ್ದು. ಭೂಮಿಯ ಸುತ್ತ ಸಂಪರ್ಕ ಉಪಗ್ರಹ ನಿಲ್ಲಿಸುವ ಬಗ್ಗೆ ವಿಜ್ಞಾನ ಕತೆಗಾರ ಆರ್ಥರ್ ಸಿ. ಕ್ಲಾರ್ಕ್ ಬರೆದದ್ದು ವೈರ್‌ಲೆಸ್ ವರ್ಲ್ಡ್‌ನ 1945ರ ಅಕ್ಟೋಬರ್ ಸಂಚಿಕೆಯಲ್ಲಿ. ಅದರ ಹಿಂದಿನ ತಿಂಗಳದ್ದಕ್ಕೆ ಆ ಬೆಲೆ ಇಲ್ಲ. ಪರಿವಿಡಿ ಓದದೆ ಕಂತೆ ಮಾರಿದವರು ಕಳೆದುಕೊಳ್ಳುವುದು ಇಂಥದ್ದನ್ನೇ.

ಪತ್ರಿಕೆಯ ಸ್ಕ್ಯಾನ್ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇದೆಯಾ ಅನ್ನುವುದನ್ನೂ ನೋಡಿಕೊಳ್ಳಿ. ಇದ್ದರೆ ಮಾಹಿತಿಗಾಗಿ ಬರುವವರು ಕಡಿಮೆಯಾಗುತ್ತಾರೆ, ಸಂಗ್ರಹಿಸುವವರು ಮಾತ್ರ ಉಳಿಯುತ್ತಾರೆ. ಅವರಿಗೆ ಸ್ಥಿತಿಯೇ ಮುಖ್ಯ. ನೀವು ಮಾತ್ರ ಸ್ಕ್ಯಾನ್ ಮಾಡಿ ಪಿಡಿಎಫ್ ಮಾರಬೇಡಿ. ಕೈಯಲ್ಲಿರುವ ಅಸಲು ಪ್ರತಿ ಮಾರುವುದು ನಿಮ್ಮ ಹಕ್ಕು, ಅದರ ನಕಲು ಮಾಡಿ ಮಾರುವ ಹಕ್ಕು ಪ್ರಕಾಶಕರದ್ದು. ಹೋದ ಪುಟದ ಜಾಗದಲ್ಲಿ ಜೆರಾಕ್ಸ್ ಇಟ್ಟು ಪೂರ್ತಿ ಪ್ರತಿ ಅಂತ ಮಾರುವುದು ಮೋಸ.

ಮಾರುವುದು, ದುಡ್ಡು

ಶುರುವಿಗೆ ಓಎಲ್‌ಎಕ್ಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸಾಕು. ಆ ಹವ್ಯಾಸದವರದೇ ಗುಂಪುಗಳಿದ್ದರೆ ಇನ್ನೂ ಒಳ್ಳೆಯದು. ಗುಂಪಿನ ನಿಯಮ ಓದಿ, ಮೊದಲು ಒಂದಷ್ಟು ದಿನ ಮಾತುಕತೆಯಲ್ಲಿ ಸೇರಿ, ಆಮೇಲೆ ಮಾರಾಟಕ್ಕೆ ಹಾಕಿ. ಪತ್ರಿಕೆ, ನಿಯತಕಾಲಿಕಗಳಿಗೆ ಜಿಎಸ್‌ಟಿ ಸೊನ್ನೆ. ಆದರೂ ದೊಡ್ಡ ತಾಣಗಳಲ್ಲಿ ಅಂಗಡಿ ತೆರೆಯುವಾಗ ಅವರು ಯಾವ ದಾಖಲೆ ಕೇಳುತ್ತಾರೆ ನೋಡಿಕೊಳ್ಳಿ.

"ಬೇಕಾಗಿದೆ" ಪಟ್ಟಿ ಒಂದನ್ನು ಇಟ್ಟುಕೊಳ್ಳಿ. ಯಾರು ಏನು ಕೇಳಿದರೂ, ಇಲ್ಲ ಅಂತ ಹೇಳಿ ಮರೆಯುವ ಬದಲು ಬರೆದಿಡಿ. ಹೊಸ ಕಂತೆ ಬಂದಾಗ ಮೊದಲು ಆ ಪಟ್ಟಿ ತೆಗೆಯಿರಿ. ನನ್ನ ಮಾರಾಟದಲ್ಲಿ ಅರ್ಧದಷ್ಟು ಹೀಗೇ ಆಗುತ್ತದೆ, ಎಲ್ಲೂ ಹಾಕುವುದೇ ಬೇಡ.

ಹಣ ಯುಪಿಐನಲ್ಲಿ ಮೊದಲೇ ತೆಗೆದುಕೊಳ್ಳಿ. ಒಂದು ಮಾತು ಚೆನ್ನಾಗಿ ನೆನಪಿಡಿ: ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಸೈನ್ಯದಲ್ಲಿದ್ದೇನೆ, ಈಗಲೇ ಪೂರ್ತಿ ದುಡ್ಡು ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಅಂತ ಯಾರಾದರೂ ಅವಸರ ಮಾಡಿದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ಸಿಗುವುದು ಕಷ್ಟ.

ಕಟ್ಟಿ ಕಳಿಸುವುದು

ಸುರುಳಿ ಸುತ್ತಬೇಡಿ. ಪತ್ರಿಕೆಗಿಂತ ಬೆರಳಷ್ಟು ದೊಡ್ಡದಾದ ಎರಡು ರಟ್ಟಿನ ನಡುವೆ ಇಡಿ. ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ರಟ್ಟು, ಮೇಲೆ ಮತ್ತೊಂದು ನೀರು ಹೋಗದ ಚೀಲ. ಒಂದು ಜುಲೈನಲ್ಲಿ ಎರಡನೇ ಚೀಲ ಹಾಕದೆ ಕೊರಿಯರ್‌ಗೆ ಕೊಟ್ಟೆ. ಕಲಬುರಗಿ ಮುಟ್ಟುವ ಹೊತ್ತಿಗೆ ಆರು ಸಂಚಿಕೆ ಒಂದೇ ಮುದ್ದೆಯಾಗಿತ್ತು. ಅವುಗಳಲ್ಲಿ ಎರಡು ನನಗೆ ಮತ್ತೆ ಸಿಕ್ಕಿಲ್ಲ. ವಿಳಾಸವನ್ನು ಒಳಗಿನ ಚೀಟಿಯಲ್ಲೂ ಬರೆಯಿರಿ. ಕಟ್ಟುವ ಮುಂಚೆ ಒಂದು ಫೋಟೊ.

ಅಂಚೆಯ ವಿಷಯದಲ್ಲಿ ಹಳೆಯ ತಿಳಿವಳಿಕೆ ಈಗ ನಡೆಯುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. 2025ರ ಮೇ ತಿಂಗಳಲ್ಲಿ ಬಂದ ಜ್ಞಾನ ಪೋಸ್ಟ್ ಅಗ್ಗ ನಿಜ, 300 ಗ್ರಾಂಗೆ 20 ರೂಪಾಯಿಯಿಂದ ಶುರು. ಆದರೆ ಅದು ಪುಸ್ತಕಗಳಿಗೆ. ನಿಯತಕಾಲಿಕೆ, ಜಾಹೀರಾತು ಇರುವ ಪ್ರಕಟಣೆ ಅದರಲ್ಲಿ ಹೋಗುವುದಿಲ್ಲ. ಕೌಂಟರ್‌ನಲ್ಲಿ ವಾದ ಮಾಡಿ ಹೊತ್ತು ಕಳೆಯಬೇಡಿ. ನುಣುಪು ಕಾಗದದ ನೂರು ಪುಟದ ಸಂಚಿಕೆ 200ರಿಂದ 300 ಗ್ರಾಂ ತೂಗುತ್ತದೆ, ರಟ್ಟಿನ ತೂಕ ಬೇರೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸ್ಪೀಡ್ ಪೋಸ್ಟ್ ದರ ನೋಡಿ, ಅದನ್ನು ಬೆಲೆಯ ಜೊತೆಗೇ ಗಿರಾಕಿಗೆ ತಿಳಿಸಿ. ರಾಜ್ಯದೊಳಗೆ ದೊಡ್ಡ ಕಂತೆ ಕಳಿಸಲು ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊ ನನಗೆ ಹೊಂದಿದೆ. ಶಿವಮೊಗ್ಗಕ್ಕೆ, ಮೈಸೂರಿಗೆ ಬಸ್ಸಿನಲ್ಲೇ ಹೋಗುತ್ತದೆ. ಊರೊಳಗಿನವರಾದರೆ ಮೆಟ್ರೊ ಸ್ಟೇಷನ್‌ನಲ್ಲಿ ಸಿಗುವುದೇ ಸುಲಭ. ಪುಟ ತಿರುವಿ ನೋಡಿಯೇ ತೆಗೆದುಕೊಳ್ಳಲಿ.

ಉಳಿದದ್ದು

ಬೆಲೆಯ ಲೆಕ್ಕದಲ್ಲಿ ಹೇಳಿದ 40ರ ಕಂತೆಯಲ್ಲಿ ಮಾರಲಾಗದೆ ಉಳಿದ ಆ 15 ಸಂಚಿಕೆಯನ್ನು ತೂಕಕ್ಕೆ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಪೂರ್ತಿ ಇದ್ದು ಅಂದಗೆಟ್ಟದ್ದನ್ನು ಹತ್ತಿರದ ಶಾಲೆಯ ವಿಜ್ಞಾನ ಸಂಘಕ್ಕೆ ಕೊಡಿ. ಪುಟ ಕಳೆದುಕೊಂಡವನ್ನು ಒಂದು ಡಬ್ಬಿಯಲ್ಲಿ ತಿಂಗಳ ಪ್ರಕಾರ ಜೋಡಿಸಿಡಿ. ಯಾರದೋ ಪ್ರತಿಯಲ್ಲಿ ಇಲ್ಲದ ಹಾಳೆ ನಿಮ್ಮ ಹರಿದ ಪ್ರತಿಯಲ್ಲಿ ಇರುತ್ತದೆ. "43ನೇ ಪುಟ ಒಂದೇ ಸಾಕು, ಉಳಿದದ್ದು ನನ್ನ ಹತ್ತಿರ ಇದೆ" ಅಂತ ಕೇಳುವವರು ಇದ್ದಾರೆ. ಹೋದ ವರ್ಷ ನನ್ನ ಡಬ್ಬಿಯಿಂದ ಮೂರು ಹಾಳೆ ಹೊರಟವು. ರಟ್ಟಿನ ನಡುವೆ ಇಟ್ಟು, ಎರಡು ಚೀಲ ಹಾಕಿ ಕಳಿಸಿದೆ. ಅಂಚೆ ಖರ್ಚು ಮಾತ್ರ ತೆಗೆದುಕೊಂಡೆ.